ಎರಡನೇ ಗುಡ್ಡ

ಸಂಸ್ಥೆಯ ತಾರಸಿಗೆ ಡಾಂಬರು ಬಳಿಸಲು ನಿರ್ದೇಶಕರು ಆರಿಸಿಕೊಂಡದ್ದು ಸರಿಯಾಗಿ ಹೊಗೆ ಬಂದ ದಿನವನ್ನೇ. ಗಾಳಿಯ ಸಂಶೋಧನೆಗೆಂದೇ ಕಟ್ಟಿದ ಸಂಸ್ಥೆ ಅದು. ಊರಾಚೆಯ ಬೆಟ್ಟಗಳಲ್ಲಿ ಹನ್ನೆರಡು ದಿನಗಳಿಂದ ಕಾಡು ಉರಿಯುತ್ತಿತ್ತು. ಇಷ್ಟು ದಿನ ಬೇರೆ ದಿಕ್ಕಿಗೆ ಹೋಗುತ್ತಿದ್ದ ಹೊಗೆ ಈ ಒಂದು ದಿನ ಮಾತ್ರ ಊರಿನ ಮೇಲೆ ಹಾಯುತ್ತದೆ, ನಾಳೆ ಗಾಳಿ ತಿರುಗುತ್ತದೆ ಎಂದು ಹವಾಮಾನದವರು ಹೇಳಿದ್ದರು. ಅದೇ ಸಂಜೆ ಐದಕ್ಕೆ ಮೂವರು ತಜ್ಞರ ಸಮಿತಿಯೊಂದು ಸಂಸ್ಥೆಯನ್ನು ನೋಡಲು ಬರುವುದಿತ್ತು. ಸಮಿತಿ ಬರುತ್ತದೆಂದರೆ ನಿರ್ದೇಶಕರಿಗೆ ಮೊದಲು ನೆನಪಾಗುವುದು ಸುಣ್ಣ, ಬಣ್ಣ, ಡಾಂಬರು. ವಿಜ್ಞಾನ ನೆನಪಾಗುವುದು ಆಮೇಲೆ, ಅದೂ ಹೊತ್ತು ಉಳಿದರೆ.

"ಸರ್, ಮೇಲೆ ಡಾಂಬರಿನ ಹೊಗೆ ಎದ್ದಿದೆ. ಅಲ್ಲಿ ಯಂತ್ರ ಇಟ್ಟು ಕಾಡಿನ ಹೊಗೆ ಅಳೆಯೋದು ಹೇಗೆ?" ಎಂದು ಬೆಳಿಗ್ಗೆ ಏಳಕ್ಕೇ ಬಂದು ಕೇಳಿದ ಮೈಕ್ರಾನ್.

"ನಿಮ್ಮ ಮನೆ ಇರೋದು ನಾಲ್ಕು ಮಹಡಿ ಕಟ್ಟಡದಲ್ಲಿ ಅಲ್ವೇನ್ರೀ? ಅಲ್ಲಿಗೆ ಹೊತ್ಕೊಂಡು ಹೋಗಿ. ಎಂಟು ಗಂಟೆ ಹೊತ್ತಿನ ಲೆಕ್ಕ ಬೇಕು. ಸಮಿತಿ ಎದುರಿಗೆ ತೋರಿಸೋಕೆ ನನ್ನ ಹತ್ರ ಬೇರೆ ಏನೂ ಇಲ್ಲ," ಎಂದರು ನಿರ್ದೇಶಕರು. ಇಷ್ಟು ವರ್ಷದಲ್ಲಿ ಬೇರೇನೂ ಯಾಕೆ ಆಗಲಿಲ್ಲ ಎಂದು ಅವರನ್ನು ಕೇಳುವವರು ಯಾರೂ ಇರಲಿಲ್ಲ. "ಲೆಕ್ಕ ಚೆನ್ನಾಗಿ ಬಂದ್ರೆ ನಿಮ್ಮ ಕಾಯಂ ಫೈಲಿಗೆ ಇವತ್ತೇ ಸಹಿ. ಬರಲಿಲ್ಲ ಅಂದ್ರೆ, ನೋಡಿ, ನಾನೇನೂ ಮಾಡೋಕ್ಕಾಗಲ್ಲ."

ಮೈಕ್ರಾನ್ ಎನ್ನುವುದು ಅವನಿಗೆ ಕಟ್ಟಡದವರು ಇಟ್ಟ ಹೆಸರು. ಮನೆಗೆ ಯಾರು ಬಂದರೂ ಅವನು ತಲೆಕೂದಲೊಂದನ್ನು ಕಿತ್ತು ತೋರಿಸಿ, "ಇದರ ದಪ್ಪದಲ್ಲಿ ನೂರು ಪಾಲು ಮಾಡಿ. ಒಂದು ಪಾಲು ಹೆಚ್ಚುಕಡಿಮೆ ಒಂದು ಮೈಕ್ರಾನ್. ಹೊಗೆಯ ಕಣ ಅದಕ್ಕಿಂತಲೂ ಚಿಕ್ಕದು," ಎಂದು ಪಾಠ ಶುರುಮಾಡುತ್ತಿದ್ದ. ಹೀಗೆ ಕಿತ್ತೂ ಕಿತ್ತೂ ಮುಂದಲೆ ಬೋಳಾಗಿತ್ತೇ ಹೊರತು ಕೇಳಿದವರಿಗೆ ಏನೂ ತಿಳಿದಿರಲಿಲ್ಲ. ಆರು ವರ್ಷದಿಂದ ಅವನು ಹಂಗಾಮಿ. ವರ್ಷಕ್ಕೊಮ್ಮೆ ಅವನನ್ನು ಒಂದು ದಿನದ ಮಟ್ಟಿಗೆ ಕೆಲಸದಿಂದ ತೆಗೆದುಹಾಕಿ ಮರುದಿನ ಹೊಸಬನೆಂದು ಸೇರಿಸಿಕೊಳ್ಳುತ್ತಿದ್ದರು. ಆ ಒಂದು ದಿನವೂ ಅವನು ಅಭ್ಯಾಸಬಲದಿಂದ ಸಂಸ್ಥೆಗೆ ಹೋಗಿ ಗೇಟಿನ ಹೊರಗೆ ನಿಂತು ಬರುತ್ತಿದ್ದ.

ಯಂತ್ರ ಅಂಥ ದೊಡ್ಡದೇನಲ್ಲ. ಹೊಲಿಗೆ ಯಂತ್ರದಷ್ಟು ಗಾತ್ರದ ಪೆಟ್ಟಿಗೆ, ಅದರ ನೆತ್ತಿಯಿಂದ ಎದ್ದ ಒಂದು ಸೊಂಡಿಲು. ಸೊಂಡಿಲು ಗಾಳಿಯನ್ನು ಎಳೆದುಕೊಂಡರೆ ಒಳಗಿನ ಬೆಳಕಿನ ಎಳೆ ಕಣಗಳನ್ನು ಒಂದೊಂದಾಗಿ ಅಳೆದು, ಯಾವ ಗಾತ್ರದವು ಎಷ್ಟಿವೆ ಎಂದು ಹೊತ್ತಿಗೆ ತಕ್ಕಂತೆ ಬರೆದಿಡುತ್ತಿತ್ತು. ಕೊನೆಗೆ ಅದೇ ಗಾಳಿ ಒಂದು ದುಂಡು ಸೋಸುಕಾಗದದ ಮೂಲಕ ಹಾದು ಹೊರಬೀಳುತ್ತಿತ್ತು. ಪಂಪು ಹಳೆಯದಾದ್ದರಿಂದ ಆಗಾಗ ಉಸಿರು ಕಟ್ಟುತ್ತಿತ್ತು. ಅದಕ್ಕೆ ಮೈಕ್ರಾನ್ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದ. ಬಗ್ಗಿ, ಕತ್ತು ಓರೆ ಮಾಡಿ, ಸೊಂಡಿಲಿನ ಬಾಯಿಗೆ ಕಿವಿಯಿಟ್ಟು ಒಂದು ನಿಮಿಷ ಉಸಿರಾಟ ಕೇಳುವುದು. ಈ ಕಲೆ ಈ ದೇಶದಲ್ಲಿ ತನ್ನೊಬ್ಬನಿಗೇ ಸಿದ್ಧಿಸಿದೆ ಎಂಬ ಜಂಬ ಅವನಿಗಿತ್ತು. ಇಂಥ ಜಂಬಕ್ಕೆ ಬೇರೆ ಯಾರೂ ಪೈಪೋಟಿಗೆ ಬರುವುದಿಲ್ಲ.

ಎಂಟೂಮುಕ್ಕಾಲಿಗೆ ಯಂತ್ರವನ್ನು ಮನೆಗೆ ತಂದಿಳಿಸಿ, ಸ್ನಾನ ಮಾಡಿ ಕನ್ನಡಿಯ ಮುಂದೆ ನಿಂತ. ಸೆಕೆ, ಹೊಗೆ, ಯಂತ್ರ ಹೊತ್ತ ಬೆವರು ಎಲ್ಲ ಸೇರಿ ಕತ್ತಿನ ತುಂಬ ಬೆವರುಸಾಲೆ ಎದ್ದಿತ್ತು. ಡಬ್ಬ ಬಗ್ಗಿಸಿ ಕತ್ತಿಗೆ, ಕಿವಿಯ ಹಿಂದಕ್ಕೆ, ಎದೆಗೆ ಪೌಡರ್ ಸುರಿದುಕೊಂಡ.

"ರೀ, ಗೋಡೆಗೆ ಸುಣ್ಣ ಹೊಡ್ದ ಹಾಗೆ ಬಳ್ಕೋಬೇಡಿ. ಇರೋದು ಅದೊಂದೇ ಡಬ್ಬ," ಎಂದಳು ಹೆಂಡತಿ. "ಆ ವಾಸನೇದು ಮಾಡೋ ಕಂಪನಿ ಮುಚ್ಚಿಹೋಯ್ತಂತೆ. ಊರೆಲ್ಲ ಹುಡುಕಿ ತಂದಿದ್ದು."

"ಇವತ್ತು ಕಾಯಂ ಆಗೋ ದಿನ ಕಣೇ. ಇವತ್ತೂ ತುರಿಸ್ಕೊಂಡು ನಿಲ್ಲಲಾ?"

"ಹೋದ ವರ್ಷವೂ ಹೀಗೇ ಅಂದ್ರಿ. ಆರು ವರ್ಷದಿಂದ ನಮ್ಮಪ್ಪನಿಗೆ 'ಇನ್ನೇನು ಆಗುತ್ತೆ' ಅಂತ ಹೇಳೀ ಹೇಳೀ ನನಗೇ ನಾಚಿಕೆ ಆಗ್ತಿದೆ. ಈ ಸಲ ಆಗಲಿಲ್ಲ ಅಂದ್ರೆ ಅವರಿಗೆ ನೀವೇ ಫೋನ್ ಮಾಡಿ ಹೇಳಿ."

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಯಂತ್ರ ಹೊತ್ತು ತಾರಸಿ ಹತ್ತಿದ. ಆಕಾಶ ಹಳೆಯ ತಾಮ್ರದ ಪಾತ್ರೆಯ ಬಣ್ಣಕ್ಕೆ ತಿರುಗಿತ್ತು. ಗುಂಡಿ ಒತ್ತಿ, ಕಿವಿಯಿಟ್ಟು ಕೇಳಿ, ದಾಖಲೆ ಪುಸ್ತಕದಲ್ಲಿ 'ಒಂಬತ್ತು ಗಂಟೆ: ಆರಂಭ' ಎಂದು ಬರೆದು ಕೆಳಗಿಳಿದ.

ಹತ್ತು ಗಂಟೆಗೆ ಮೆಟ್ಟಿಲಲ್ಲಿ ಸಿಗರೇಟಿನ ವಾಸನೆ ಬಂತು. ಮತ್ತೊಮ್ಮೆ ಪೌಡರ್ ಹಾಕಿಕೊಂಡು ಮೇಲಕ್ಕೆ ಓಡಿದ. ನೀರಿನ ಟ್ಯಾಂಕಿನ ಹಿಂದೆ ಅವನ ಭಾವಮೈದುನ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಎರಡು ದಿನಕ್ಕೆಂದು ಅಕ್ಕನ ಮನೆಗೆ ಬಂದು ಎರಡು ತಿಂಗಳಾಗಿದ್ದ ಗಂಡಸು.

"ಆರಿಸೋ ಅದನ್ನ! ನನ್ನ ಎಂಟು ಗಂಟೆ ಲೆಕ್ಕ ಹಾಳಾಗುತ್ತೆ!"

"ಭಾವ, ಅಲ್ಲಿ ಇಡೀ ಕಾಡೇ ಸೇದ್ತಾ ಕೂತಿದೆ. ನಾನೊಂದು ಸೇದಿದ್ರೆ ನಿಮ್ಮ ಯಂತ್ರಕ್ಕೆ ಗೊತ್ತಾಗಿಬಿಡುತ್ತಾ?"

"ಗೊತ್ತಾಗುತ್ತೆ! ಅದಕ್ಕೆ ಎಲ್ಲಾ ಗೊತ್ತಾಗುತ್ತೆ!"

ಭಾವಮೈದುನ ಒಲ್ಲದ ಮನಸ್ಸಿನಿಂದ ಎದ್ದು ಹೋದ. ಮೈಕ್ರಾನ್ ಬಗ್ಗಿ ಸೊಂಡಿಲಿಗೆ ಕಿವಿಯಿಟ್ಟು ಸಮಾಧಾನಪಟ್ಟುಕೊಂಡು, 'ಹತ್ತು ಗಂಟೆ: ಸಿಗರೇಟು, ಓಡಿಸಲಾಯಿತು' ಎಂದು ಬರೆದ.

ಹನ್ನೊಂದೂವರೆಗೆ ತಾರಸಿಯಿಂದ ದಬದಬ ಸದ್ದು. ಡಬ್ಬ, ಕತ್ತು, ಮೆಟ್ಟಿಲು. ಮೂರನೇ ಮಹಡಿಯ ಅಜ್ಜಿ ಹಾಸಿಗೆಯೊಂದನ್ನು ಕಟ್ಟೆಯ ಮೇಲೆ ಹಾಕಿಕೊಂಡು, ಯಾವುದೋ ಹಳೆಯ ದ್ವೇಷ ತೀರಿಸಿಕೊಳ್ಳುವ ಹಾಗೆ ಕೋಲಿನಲ್ಲಿ ಬಡಿಯುತ್ತಿದ್ದಳು.

"ಅಜ್ಜೀ! ಧೂಳು! ಧೂಳು!"

"ಧೂಳು ಇರೋದಕ್ಕೇ ಬಡೀತಿರೋದು ಕಣಪ್ಪಾ. ಇಲ್ದಿದ್ರೆ ನನಗೇನು ಹುಚ್ಚಾ?"

"ಅಲ್ಲ ಅಜ್ಜಿ, ಇಲ್ಲಿ ಸಂಶೋಧನೆ ನಡೀತಿದೆ. ಹೊಗೆಯ ಕಣಗಳ ಗಾತ್ರ ಅಳೀತಿದೀನಿ."

"ಯಾಕೆ?"

ಆರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಅವನಿಗೆ ಇಷ್ಟು ನೇರವಾಗಿ ಕೇಳಿರಲಿಲ್ಲ. "ಚಿಕ್ಕ ಕಣ ಶ್ವಾಸಕೋಶದ ತಳಕ್ಕೆ ಹೋಗುತ್ತೆ, ದೊಡ್ಡದು ಮೂಗಲ್ಲೇ ನಿಲ್ಲುತ್ತೆ. ಎಷ್ಟು ಚಿಕ್ಕದು ಅಂತ ಗೊತ್ತಾದ್ರೆ ಎಷ್ಟು ಅಪಾಯ ಅಂತ ಗೊತ್ತಾಗುತ್ತೆ," ಎಂದ.

"ಗೊತ್ತಾದ್ರೆ ಕೆಮ್ಮು ನಿಲ್ಲುತ್ತಾ?"

"ಇಲ್ಲ."

"ಹಾಗಾದ್ರೆ ಪಕ್ಕಕ್ಕೆ ಸರಿ," ಎಂದು ಅಜ್ಜಿ ಮತ್ತೆ ಕೋಲೆತ್ತಿದಳು. ಕಾಲು ಹಿಡಿಯುವುದೊಂದು ಬಿಟ್ಟು ಉಳಿದದ್ದನ್ನೆಲ್ಲ ಮಾಡಿ, ಹಾಸಿಗೆಯನ್ನು ತಾನೇ ಹೊತ್ತು ಅವಳ ಮನೆಗೆ ಇಳಿಸಿ, ಮತ್ತೆ ಮನೆಗೆ ಹೋಗಿ ಬೆವರು ಒರೆಸಿ ಪೌಡರ್ ಹಾಕಿಕೊಂಡು, ಮತ್ತೆ ಮೇಲೆ ಬಂದು ಕಿವಿಯಿಟ್ಟ. ಉಸಿರು ಸರಿಯಾಗಿತ್ತು. ಪುಸ್ತಕದಲ್ಲಿ ಹಾಸಿಗೆಯ ವಿಷಯವನ್ನೂ ಬರೆದ.

ಹಾಸಿಗೆಗಿಂತ ದೊಡ್ಡ ಧೂಳು ಎಬ್ಬಿಸುವವರು ಕಟ್ಟಡದ ಕಾರ್ಯದರ್ಶಿ. ನಿವೃತ್ತ ಮುಖ್ಯೋಪಾಧ್ಯಾಯರು. ಬೈಯಲು ಮಕ್ಕಳಿಲ್ಲದೆ ಬಾಡಿಹೋಗಿದ್ದವರು, ಕಾರ್ಯದರ್ಶಿಯಾದ ಮೇಲೆ ಮತ್ತೆ ಚಿಗುರಿದ್ದರು. ಹನ್ನೆರಡೂವರೆಗೆ ಮೈಕ್ರಾನ್ ಮೇಲೆ ಹೋಗಿ ನೋಡಿದರೆ, ತಾರಸಿಯ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡ ಹದಿನೈದು ಜನರ ತುರ್ತು ಸಭೆ ನಡೆದಿತ್ತು. ನಡುವೆ ಯಂತ್ರ, ಕಟಕಟೆಯಲ್ಲಿ ನಿಂತ ಆರೋಪಿಯ ಹಾಗೆ.

"ಏನ್ರೀ ಮೈಕ್ರಾನ್, ಇದನ್ನ ಇಲ್ಲಿಡೋಕೆ ಯಾರ ಒಪ್ಪಿಗೆ ತಗೊಂಡ್ರಿ?" ಎಂದರು ಕಾರ್ಯದರ್ಶಿ. "ಹೋಗಲಿ, ಇದು ಹೊಗೆ ಎಳ್ಕೊಳ್ಳುತ್ತೆ ಅನ್ನೋದು ನಿಜವೋ ಸುಳ್ಳೋ?"

"ನಿಜ ಸಾರ್. ಆದರೆ..."

"ನೋಡಿದ್ರಾ! ನಾನು ಹೇಳ್ಲಿಲ್ವಾ?" ಎಂದು ಮೊದಲನೇ ಮಹಡಿಯ ದರ್ಜಿ ಜನರತ್ತ ತಿರುಗಿದ. "ಪಕ್ಕದ ಕಟ್ಟಡದಲ್ಲಿ ಇಷ್ಟು ಹೊಗೆ ಇಲ್ಲ. ಇದು ಎಳೀತಿರೋದಕ್ಕೇ ಎಲ್ಲಾ ನಮ್ಮ ಕಡೆ ಬಂದಿದೆ!"

"ಎಳೆದ್ರೆ ಒಳ್ಳೇದಲ್ವೇನ್ರೀ? ಒಳಗೆ ಹೋದದ್ದು ಹೊರಗೆ ಬರಲ್ಲವಲ್ಲ," ಎಂದಿತು ಇನ್ನೊಂದು ದನಿ. "ಇವರೊಬ್ಬರ ಮನೆ ಮೇಲೇ ಯಾಕೆ? ಸರದಿ ಪ್ರಕಾರ ಪ್ರತಿ ಮನೆ ಕಿಟಕಿಗೂ ಅರ್ಧರ್ಧ ಗಂಟೆ ಇಡಲಿ."

ಸಭೆ ಎರಡು ಪಕ್ಷವಾಯಿತು. ಒಂದು ಪಕ್ಷ ಯಂತ್ರವನ್ನು ಬೀದಿಗೆ ಎಸೆಯಬೇಕೆಂದಿತು, ಇನ್ನೊಂದು ತಮ್ಮ ಅಡುಗೆಮನೆಗೆ ಒಯ್ಯಬೇಕೆಂದಿತು. "ಇದು ಬರೀ ಎಣಿಸುತ್ತೆ! ಎಣಿಸೋದು ಬಿಟ್ರೆ ಏನೂ ಮಾಡಲ್ಲ!" ಎಂದು ಮೈಕ್ರಾನ್ ಕೂಗಿದ. ಆ ಮಾತಿಗೆ ಮಾತ್ರ ಎಲ್ಲರೂ ಒಂದಾದರು.

"ಏನೂ ಮಾಡದೆ ಇರೋದಕ್ಕಾ ಸಂಬಳ ಕೊಡ್ತಾರೆ?" ಎಂದು ದರ್ಜಿ ಬಾಯಿಬಿಟ್ಟು ನಕ್ಕ.

ಮೈಕ್ರಾನನಿಗೆ ಸಿಟ್ಟು ನೆತ್ತಿಗೇರಿತು. ಮೂರ್ಖರು, ಕೂದಲಿಗೂ ಕಣಕ್ಕೂ ವ್ಯತ್ಯಾಸ ತಿಳಿಯದವರು, ಇವರಿಗಾಗಿ ತಾನು ಕತ್ತು ಬೆಂದು ದುಡಿಯಬೇಕು! ಸಮಿತಿ, ಸರ್ಕಾರ, ಪೊಲೀಸು ಎಂದು ಬಾಯಿಗೆ ಬಂದ ದೊಡ್ಡ ಹೆಸರನ್ನೆಲ್ಲ ಹೇಳಿ ಹೆದರಿಸಿದ. ಜನ ಗೊಣಗುತ್ತ ಇಳಿದರು. ಕಾರ್ಯದರ್ಶಿಗಳ ಕೈಯಿಂದ ತಾರಸಿಯ ಬೀಗದ ಕೈಯನ್ನು ಹೆಚ್ಚುಕಡಿಮೆ ಕಿತ್ತುಕೊಂಡು ಬಾಗಿಲಿಗೆ ಬೀಗ ಜಡಿದ.

ಒಂದರಿಂದ ಐದರವರೆಗೆ ತಾರಸಿಗೆ ನೊಣವೂ ಬರಲಿಲ್ಲ. ಬಂದವನು ಮೈಕ್ರಾನ್ ಒಬ್ಬನೇ, ಅರ್ಧ ಗಂಟೆಗೊಮ್ಮೆ, ಪ್ರತಿಸಲವೂ ಹೊಸದಾಗಿ ಪೌಡರ್ ಬಳಿದುಕೊಂಡು. ಕೀಲಿ ತೆಗೆಯುವುದು, ಬಗ್ಗುವುದು, ಕತ್ತು ಓರೆ ಮಾಡಿ ಸೊಂಡಿಲಿಗೆ ಕಿವಿಯಿಡುವುದು, ಸಂತೋಷಪಡುವುದು. ಪ್ರತಿಸಲವೂ ಪುಸ್ತಕದಲ್ಲಿ ಬರೆದ: 'ಯಾರೂ ಇಲ್ಲ. ಗಾಳಿ ಶುದ್ಧ. ಕಾಡಿನ ಹೊಗೆ ಮಾತ್ರ.' ಕೊನೆಯ ಸಲ ಅದರ ಕೆಳಗೆ ಎರಡು ಗೆರೆ ಎಳೆದ.

ಐದೂಕಾಲಿಗೆ ಭಾವಮೈದುನನ ಸ್ಕೂಟರಿನ ಹಿಂದೆ ಯಂತ್ರವನ್ನು ತಬ್ಬಿ ಕೂತು ಸಂಸ್ಥೆ ಸೇರಿದ. ಸಭಾಂಗಣದಲ್ಲಿ ಸಮಿತಿಯ ಒಬ್ಬರು ನಿದ್ದೆ ಮಾಡುತ್ತಿದ್ದರು. ಇನ್ನೊಬ್ಬರು ಕಾಫಿ ಕುಡಿಯುತ್ತಿದ್ದರು. ಮೂರನೆಯವರು ದಪ್ಪ ಕನ್ನಡಕದ ಹಿರಿಯ ತಜ್ಞೆ. ನಿರ್ದೇಶಕರು ಕಾಲು ಗಂಟೆಯಿಂದ ಡಾಂಬರಿನ ಗುಣವನ್ನು ವರ್ಣಿಸುತ್ತಿದ್ದದ್ದನ್ನು ಕೇಳಿ ಕೇಳಿ ಅವರ ಮುಖ ಗಂಟಿಕ್ಕಿತ್ತು.

ಯಂತ್ರದ ನಕ್ಷೆ ಗೋಡೆಯ ಮೇಲೆ ಮೂಡಿತು. ಎಡಗಡೆ ಚಿಕ್ಕ ಕಣಗಳ ಒಂದು ದೊಡ್ಡ ಗುಡ್ಡ. ಕಾಡಿನ ಹೊಗೆಯೆಂದರೆ ಎಲ್ಲ ಕಡೆಯೂ ಇರುವುದು ಇದೇ. ಆದರೆ ಬಲಗಡೆ, ಅದಕ್ಕಿಂತ ಹತ್ತಿಪ್ಪತ್ತು ಪಟ್ಟು ದೊಡ್ಡ ಕಣಗಳ ಜಾಗದಲ್ಲಿ, ಇನ್ನೊಂದು ಗುಡ್ಡ ಎದ್ದಿತ್ತು.

ಮೈಕ್ರಾನನಿಗೆ ಥಟ್ಟನೆ ನೆನಪಾಯಿತು. ಸಿಗರೇಟು! ಹಾಸಿಗೆ! ದಾಖಲೆ ಪುಸ್ತಕ ತೆರೆದು, "ಸರ್, ಅಲ್ಲಿ ಕೆಲವು ಅಡಚಣೆ ಆಯ್ತು. ಹತ್ತು ಗಂಟೆದೂ ಹನ್ನೊಂದೂವರೆದೂ ಕಳೆದುಬಿಟ್ಟರೆ ಸರಿಹೋಗುತ್ತೆ," ಎಂದು ತೊದಲಿದ.

"ಕಳೆದು ನೋಡೋಣ," ಎಂದರು ತಜ್ಞೆ. ಕಳೆದರು. ಗುಡ್ಡ ಹೋಗಲಿಲ್ಲ. ಹೊತ್ತಿನ ಪ್ರಕಾರ ಬಿಡಿಸಿ ನೋಡಿದರೆ, ಅದು ಅತಿ ಎತ್ತರವಾಗಿ ಎದ್ದದ್ದು ಮಧ್ಯಾಹ್ನ ಒಂದರಿಂದ ಐದರವರೆಗೆ, ಅರ್ಧ ಗಂಟೆಗೊಮ್ಮೆ, ಗಡಿಯಾರ ಇಟ್ಟ ಹಾಗೆ.

"ಆ ಹೊತ್ತಲ್ಲಿ ಅಲ್ಲಿ ಯಾರಿದ್ರು?" ಎಂದು ಕೇಳಿದರು ತಜ್ಞೆ.

"ಯಾರೂ ಇಲ್ಲ ಮೇಡಂ! ಬೀಗ ಹಾಕಿದ್ದೆ. ಕೀಲಿ ನನ್ನ ಜೇಬಲ್ಲೇ ಇತ್ತು. ನೊಣ ಕೂಡ ಬಂದಿಲ್ಲ!" ಎಂದು ಮೈಕ್ರಾನ್ ಎದೆಯುಬ್ಬಿಸಿ ಹೇಳಿ ಪುಸ್ತಕವನ್ನು ಮುಂದೆ ಹಿಡಿದ. ಎರಡು ಗೆರೆ ಎಳೆದ ಜಾಗವನ್ನು ಬೆರಳಿಟ್ಟು ತೋರಿಸಿದ.

ನಿರ್ದೇಶಕರು ಆ ಹೊತ್ತಿಗೆ ಸೋಸುಕಾಗದವನ್ನು ಚಿಮಟದಲ್ಲಿ ಹಿಡಿದು ಭೂತಗನ್ನಡಿಯ ಕೆಳಗೆ ತಂದಿದ್ದರು. ಕಂದು ಮಸಿಯ ಮೇಲೆ ಬೆಳ್ಳನೆಯ ಚಪ್ಪಟೆ ಚೂರುಗಳು ಹೊಳೆಯುತ್ತಿದ್ದವು. "ಬೂದಿ ಅಲ್ಲ! ಬೂದಿ ಹೀಗಿರಲ್ಲ!" ಎಂದವರು ಕಾಗದವನ್ನು ಮೂಗಿನ ಹತ್ತಿರ ಒಯ್ದರು. ಅವರ ಕಣ್ಣು ಅಗಲವಾಯಿತು. "ಪರಿಮಳ! ಮೇಡಂ, ಮೂಸಿ ನೋಡಿ, ಪರಿಮಳ!"

ತಜ್ಞೆ ಮೂಸಿದರು. ಕಾಫಿಯವರು ಮೂಸಿದರು. ನಿದ್ದೆಯವರೂ ಎದ್ದು ಮೂಸಿ, "ಹೂವು," ಎಂದು ಮತ್ತೆ ಕಣ್ಣು ಮುಚ್ಚಿದರು. ಕೊನೆಗೆ ಕಾಗದ ಮೈಕ್ರಾನನ ಮೂಗಿಗೆ ಬಂತು.

ಅವನ ಕೈ ತಾನಾಗಿ ಕತ್ತಿಗೆ ಹೋಯಿತು. ಬೆರಳು ನೋಡಿಕೊಂಡ. ಬೆಳ್ಳಗಿತ್ತು. ಸಿಗರೇಟನ್ನು ಓಡಿಸಿದ, ಹಾಸಿಗೆಯನ್ನು ಓಡಿಸಿದ, ಹದಿನೈದು ಜನರನ್ನು ಮೂರ್ಖರೆಂದು ಬೈದು ಓಡಿಸಿದ. ಓಡಿಸದೆ ಬಿಟ್ಟದ್ದು ಒಬ್ಬನನ್ನೇ.

"ಸರ್," ಎಂದ. "ಸರ್, ಅದು... ಆ ಬಿಳೀದು..."

"ವಿನಯ ಬೇಡ್ರೀ!" ಎಂದು ನಿರ್ದೇಶಕರು ಅವನ ಬೆನ್ನು ತಟ್ಟಿದರು. ಬೆನ್ನಿನಿಂದ ತೆಳ್ಳಗೆ ಏನೋ ಹಾರಿದ್ದನ್ನು ಯಾರೂ ನೋಡಲಿಲ್ಲ. ಎಲ್ಲರೂ ದೊಡ್ಡ ವಿಜ್ಞಾನಿಗಳು, ಗೋಡೆಯ ಮೇಲಿನ ನಕ್ಷೆ ನೋಡುತ್ತಿದ್ದರು. "ಮೇಡಂ, ಈ ಕಾಡಲ್ಲಿ ಯಾವುದೋ ಮರ ಇದೆ. ಸುಟ್ಟಾಗ ಸುಗಂಧದ ಬಿಳೀ ಕಣ ಬಿಡೋ ಮರ. ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲದ್ದು. ಈ ಕಣಕ್ಕೆ ಒಂದು ಹೆಸರು ಬೇಕಲ್ಲ? ನಾನು ಸಂಕೋಚದಿಂದಲೇ ನನ್ನ ಹೆಸರನ್ನ ಸೂಚಿಸ್ತೀನಿ."

"ಮರ ಸಿಕ್ಕಿದ ಮೇಲೆ ಹೆಸರಿಡೋಣ," ಎಂದರು ತಜ್ಞೆ. "ಇನ್ನೊಂದು ಸಲ ಇದೇ ಗುಡ್ಡ ಬರಬೇಕು. ಇದೇ ಪರಿಮಳ ಬರಬೇಕು. ಆಗ ನಂಬ್ತೀನಿ."

"ಬರುತ್ತೆ! ಇವರೇ ತರ್ತಾರೆ!" ನಿರ್ದೇಶಕರು ಮೈಕ್ರಾನನ ಕಾಯಂ ಫೈಲನ್ನು ಮೇಜಿನಿಂದ ಎತ್ತಿ, ಸಹಿ ಹಾಕಲು ಪೆನ್ನು ತೆಗೆದು, ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದರು. "ನಾಳೆ ಬೆಳಿಗ್ಗೆ ಯಂತ್ರದ ಜೊತೆ ಬೆಂಕಿ ಹತ್ತಿರದ ಬಿಡಾರಕ್ಕೆ ಹೊರಡಿ. ಮರ ಸಿಗೋವರೆಗೆ ಅಲ್ಲೇ ಇರಿ, ತಿಂಗಳಾಗಲಿ, ವರ್ಷವಾಗಲಿ. ಎರಡನೇ ಗುಡ್ಡ ಮತ್ತೆ ಬಂದ ದಿನ ನೀವು ಕಾಯಂ."

ನಿಜ ಹೇಳಿದರೆ ಇವತ್ತೇ ಮನೆಗೆ. ಹೇಳದಿದ್ದರೆ ನಾಳೆ ಕಾಡಿಗೆ. ಮೈಕ್ರಾನ್ ಬಾಯಿ ತೆರೆದ. ಮಾವನಿಗೆ ಫೋನ್ ಮಾಡಬೇಕಾದದ್ದು ನೆನಪಾಗಿ ಮುಚ್ಚಿದ.

ಮನೆ ಸೇರಿದಾಗ ಆರೂವರೆ. ಬಾಗಿಲಲ್ಲೇ ಹೆಂಡತಿ ಮೂಗು ಮುಚ್ಚಿಕೊಂಡು, "ಅಯ್ಯೋ, ಹೊಗೆ ನಾತ! ಮೊದಲು ಆ ಅಂಗಿ ಬನಿಯನ್ ಬಿಚ್ಚಿ ಕೊಡಿ," ಎಂದು ಸುಲಿದುಕೊಂಡು ಹೋದಳು. ಅವನು ಕುರ್ಚಿಯಲ್ಲಿ ಕುಸಿದು ಕೂತ. ಸ್ವಲ್ಪ ಹೊತ್ತು ಕೂತ ಮೇಲೆ, ಆರು ವರ್ಷದ ಹಂಗಾಮಿ ಬದುಕಿನಲ್ಲಿ ಮೊದಲ ಬಾರಿಗೆ ಅವನಿಗೊಂದು ಕೆಟ್ಟ ಯೋಚನೆ ಬಂತು. ಅದರ ಬೆನ್ನಿಗೇ ಮುಖದಲ್ಲಿ ಒಂದಿಷ್ಟು ಕಳೆಯೂ ಬಂತು. ಗುಡ್ಡ ಮತ್ತೆ ಬರಬೇಕು, ತಾನೆ? ಬರಿಸಿದರಾಯಿತು. ಆರು ವರ್ಷ ನಿಯತ್ತಾಗಿ ಅಳೆದು ಏನು ಸಿಕ್ಕಿತು?

"ಏನಾಯ್ತು?" ಎಂದು ಒಳಗಿನಿಂದಲೇ ಕೇಳಿದಳು ಹೆಂಡತಿ.

"ಆಗುತ್ತೆ. ನಾಳೆ ಕಾಡಿಗೆ ಹೋಗ್ಬೇಕು. ಪೆಟ್ಟಿಗೆ ಕಟ್ಟು. ಮೊದಲು ಆ ಪೌಡರ್ ಡಬ್ಬ ಇಡು."

"ಕಾಡಲ್ಲಿ ನಿಮ್ಮ ಕತ್ತು ಯಾರು ನೋಡ್ಬೇಕು?"

"ಯಂತ್ರ ನೋಡ್ಬೇಕು. ಇಡು ಅಂದ್ರೆ ಇಡು."

"ಎಲ್ಲಿಂದ ಇಡ್ಲಿ? ಇವತ್ತೊಂದೇ ದಿನ ಹನ್ನೆರಡು ಸಲ ಸುರ್ಕೊಂಡ್ರಲ್ಲ! ಬೆಳಿಗ್ಗೇನೇ ಹೇಳಿದೆ, ಅದು ಇನ್ಮೇಲೆ ಸಿಗಲ್ಲ ಅಂತ."

ಮೈಕ್ರಾನ್ ಎದ್ದು ಹೋಗಿ ಡಬ್ಬವನ್ನು ತಲೆಕೆಳಗು ಮಾಡಿದ. ತಳಕ್ಕೆ ಬಡಿದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಕಿವಿಯಿಟ್ಟು ಕೇಳುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಒಳಗೆ ಏನೂ ಇರಲಿಲ್ಲ. ಆಗ ಅವನಿಗೆ ಹೊಳೆಯಿತು.

"ನನ್ನ ಅಂಗಿ! ಆ ಅಂಗಿಯ ಕಾಲರು! ಎಲ್ಲಿಟ್ಟೆ? ಒಗೀಬೇಡ ಕಣೇ, ಅದನ್ನ ಒಗೀಬೇಡ!"

"ಆಗಲೇ ನೆನೆಸಿ ಕುಕ್ಕಿದ್ದೂ ಆಯ್ತು. ಯಾಕ್ರೀ, ಹೀಗೆ ಓಡ್ತೀರಾ?"

ಬಚ್ಚಲುಮನೆಯ ಬಾಗಿಲಲ್ಲಿ ಅವನು ನಿಂತುಬಿಟ್ಟ. ಬಕೆಟ್ಟಿನಲ್ಲಿ ಅಂಗಿ ಮುಳುಗಿತ್ತು. ನೀರಿನ ಮೇಲೆ ಎರಡನೇ ಗುಡ್ಡ ತೆಳ್ಳಗೆ, ಬೆಳ್ಳಗೆ, ಘಮಘಮಿಸುತ್ತ ತೇಲುತ್ತಿತ್ತು.